ಸೆರಗಿನ ಚುಂಗು

ಕಾಲೇಜಿನ ಕೋಣೆಯಲ್ಲಿ ತಲೆಯ ಮೇಲಿನ ಪಂಖ ಸುತ್ತಿಗೊಮ್ಮೆ ಟಕ್ ಅನ್ನುತ್ತಿತ್ತು, ಟಕ್, ಮತ್ತೆ ಟಕ್, ಗೂಡ್ಸ್ ಗಾಡಿ ಹಳಿಯ ಜೋಡಣೆ ದಾಟುವಾಗ ಬರುವ ಸದ್ದೇ ಇದು, ಲಕ್ಷ್ಮವ್ವನಿಗೆ ಗೊತ್ತಿಲ್ಲವೇ, ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಇಷ್ಟು ವರ್ಷ ಅದನ್ನು ಕೇಳುತ್ತಲೇ ಮಲಗಿ ಅದನ್ನು ಕೇಳುತ್ತಲೇ ಎದ್ದವಳು — ಇವರು ಈಗ ಎಲ್ಲಿರಬಹುದು, ಹಸಿರು ಬಾವುಟ ಹಿಡಿದು ಗಾರ್ಡ್ ಡಬ್ಬಿಯ ಬಾಗಿಲಲ್ಲಿ, ವರ್ಧಾ ದಾಟಿರಬೇಕು, ಕಾಲೇಜಿನಿಂದ ಕರೆ ಬಂದಾಗಲೆಲ್ಲ ಇವರು ಲೈನಿನ ಮೇಲೆಯೇ, ಈ ಸಲ ನೀನ ಹೋಗಿ ಬಾ, ಉಮ್ಯಾನ್ನ ಸಂಗಾಟ ಕರಕೊಂಡು ಹೋಗು, ಮರಾಠಿ ಎಲ್ಲಾ ಅಂವ ಹೇಳ್ತಾನ, ಎಂದು ಊಟದ ಡಬ್ಬಿ ಎತ್ತಿಕೊಂಡು ನಡೆದೇಬಿಟ್ಟರು, ಅಲ್ಲಾ, ಯಾರ ಮೇಲೆ ದೂರು ಇದೆಯೋ ಅವನನ್ನೇ ದುಭಾಷಿ ಮಾಡಿಕೊಂಡು ಹೋಗುವವರು ಲೋಕದಲ್ಲಿ ಬೇರೆ ಯಾರಿದ್ದಾರೆ, ಆದರೂ ಮನೆಯಲ್ಲಿ ಅದು ಒಬ್ಬರಿಗೂ ವಿಚಿತ್ರ ಅನ್ನಿಸಲಿಲ್ಲ, ಕಿರಾಣಿ ಅಂಗಡಿಯಿಂದ ದವಾಖಾನೆಯ ತನಕ ನಾಗಪುರದಲ್ಲಿ ಲಕ್ಷ್ಮವ್ವನ ಬಾಯಿ ಅಂದರೆ ಮಗ ಉಮಾಪತಿಯೇ. ಅವಳಿಗೂ ಅನ್ನಿಸಲಿಲ್ಲ. ಟ್ರಂಕಿನ ಅಡಿಯಿಂದ ಇಳಕಲ್ ಸೀರೆ ತೆಗೆದು, ಬೇವಿನ ಸೊಪ್ಪು ಝಾಡಿಸಿ, ಉಟ್ಟುಕೊಂಡು ಮದುವೆಗೆ ಹೊರಟವಳ ಹಾಗೆ ಬಂದಿದ್ದಳು.

ಬಸಾ, ಬಾಯಿ, ಬಸಾ, ಎಂದರು ಮೇಜಿನ ಆಚೆ ಕೂತ ಶಾಮರಾವ್ ಸರ್, ಇಂಟರ್ ಸಾಯನ್ಸಿಗೆ ಗಣಿತ ಕಲಿಸುವವರು, ಕರೆ ಕಳಿಸಿದವರೂ ಅವರೇ, ಕೂಡ್ರಲು ಬಾಗಿದ ಲಕ್ಷ್ಮವ್ವ ತಟ್ಟನೆ ನೆನಪಾಗಿ ಮತ್ತೆ ನೆಟ್ಟಗೆ ನಿಂತಳು, ಕೂಡ್ರು ಅಂತಾರ ಅವ್ವಾ, ಎಂದು ಉಮಾಪತಿ ಹೇಳಿದ ಮೇಲಷ್ಟೇ ಕೂತಳು, ಅಬ್ಬಾ, ಇನ್ನೇನು ಸಿಕ್ಕಿಬೀಳುತ್ತಿದ್ದೆ — ತನಗೆ ಮರಾಠಿ ತಿಳಿಯುತ್ತದೆ ಎಂಬುದು ಅವಳು ಗಂಡನಿಗೂ ಬಿಟ್ಟುಕೊಡದ ಗುಟ್ಟು, ನಾಲಿಗೆ ಹೊರಳುವುದಿಲ್ಲ ನಿಜ, ಆಡಿದರೆ ನಗುತ್ತಾರೆಂಬ ನಾಚಿಕೆ, ಆದರೆ ಕಿವಿಗೆಲ್ಲಿಯ ನಾಚಿಕೆ, ಬಾಜೂ ಮನೆಯ ಕಾಶಿಬಾಯಿ ದಿನಾ ಮಧ್ಯಾಹ್ನ ಮೊರದಲ್ಲಿ ಅಕ್ಕಿ ಹಿಡಿದುಕೊಂಡು ಬಂದು, ಅತ್ತೆಯ ಮೇಲೆ ಶುರುಮಾಡಿ ಅತ್ತೆ ಮುಗಿದರೆ ನಾದಿನಿಯ ಮೇಲೆ ಹೇಳಿದ್ದನ್ನೆಲ್ಲ ವರ್ಷಗಟ್ಟಲೆ ಕೇಳಿದ ಕಿವಿ, ಕಲಿಯದೇ ಇರುತ್ತದೆಯೇ, ಮೊದಮೊದಲು ಒಂದೊಂದೇ ಮಾತು ಹೊಳೆಯುತ್ತಿತ್ತು, ಆಮೇಲೆ ಒಂದು ದಿನ ಕಾಶಿಬಾಯಿ ಅಳುವುದಕ್ಕೂ ಮೊದಲೇ ತನಗೆ ಅಳು ಬಂತು, ಆಗ ಗೊತ್ತಾಯಿತು, ಅಯ್ಯ, ನನಗೆ ಪೂರಾ ತಿಳಿದುಬಿಟ್ಟಿದೆಯಲ್ಲ ಎಂದು. ಯಾರಿಗೂ ಹೇಳಲಿಲ್ಲ. ಹೇಳಿದರೆ ಉಮ್ಯಾ ಸಂಗಡ ಬರುವುದು ನಿಲ್ಲುತ್ತದೆ, ಮೀಸೆ ಚಿಗುರಿದ ಮೇಲೆ ಯಾವ ಮಗ ಅವ್ವನ ಮಗ್ಗುಲಿಗೆ ನಿಲ್ಲುತ್ತಾನೆ, ಹೀಗಾದರೂ ಬಜಾರಿಗೆ ಹೋದಾಗ ಪಕ್ಕದಲ್ಲಿ ನಿಂತು ಅವ್ವಾ ಹಿಂಗಂತಾರ, ಅವ್ವಾ ಹಂಗಂತಾರ ಎಂದು ಕಿವಿಯ ಹತ್ತಿರ ಬಗ್ಗುತ್ತಾನೆ, ಆ ಸುಖ ಅವಳಿಗೆ ಬೇಕಾಗಿತ್ತು.

ಎಂಟು ವರ್ಷದವನು ಆಗ, ಇಂಡಿ ತಾಲೂಕಿನ ಹಳ್ಳಿ ಬಿಟ್ಟು ಹೋಟಗಿಯಲ್ಲಿ ಗಾಡಿ ಹತ್ತಿದಾಗ, ಎರಡು ಟ್ರಂಕು, ಕಟಕ ರೊಟ್ಟಿಯ ಬುಟ್ಟಿ, ಕಂಕುಳಲ್ಲಿ ಇನ್ನೂ ಹಾಲು ಬಿಡದ ಮಗಳು ಜಯಾ, ಇವನು ದಾರಿಯುದ್ದಕ್ಕೂ ಕಿಟಕಿಗೆ ಮೂಗು ಒತ್ತಿ ಇದು ಯಾವೂರು ಇದು ಯಾವೂರು, ನಾಗಪುರದಲ್ಲಿ ಇಳಿದರೆ ಕೂಲಿಯವನು ಏನೋ ಕೇಳಿದ, ಇಬ್ಬರೂ ಬಾಯಿ ಬಿಟ್ಟುಕೊಂಡು ನಿಂತಿದ್ದರು, ಅಷ್ಟೇ, ಆಮೇಲೆ ಹದಿನೈದು ದಿನ ಓಣಿಯ ಹುಡುಗರ ಸಂಗಡ ಗೋಲಿ ಆಡಿದ, ಮರಾಠಿ ಬಾಯಿಗೆ ಬಂದೇಬಿಟ್ಟಿತು ಮಾರಾಯನಿಗೆ, ಬೈಗುಳದಿಂದ ಶುರುವಾಗಿ ಭಜನೆಯ ತನಕ, ಸೀತಾಬರ್ಡಿಯ ಸಂತೆಗೆ ಅವನ ಕೈ ಹಿಡಿದು ಹೋದರೆ ಎಷ್ಟು ಧೈರ್ಯ, ಆ ಗದ್ದಲ, ಟಾಂಗಾದ ಗಂಟೆ, ನೀರು ಚಿಮುಕಿಸಿದ ಕೊತ್ತಂಬರಿಯ ವಾಸನೆ, ಅವಳು ಒಂದೊಂದೇ ಬದನೆಕಾಯಿ ಎತ್ತಿ ತೊಟ್ಟು ನೋಡಿ ಹೊಟ್ಟೆ ನೋಡಿ ಇಡುತ್ತಿದ್ದರೆ ಕಾಯಿಪಲ್ಲೆಯವನು ಏನೋ ಅಂದ, ಸುತ್ತಲಿನವರು ಗೊಳ್ಳೆಂದು ನಕ್ಕರು, ಏನಂತಾನೋ ಉಮಾ, ನೀ ಭಾಳ ಚಲೋ ಆರಸ್ತೀ ಅಂತಾನ ಅವ್ವಾ, ನಿಮ್ಮೂರಾಗ ಎಲ್ಲಾರೂ ಇಷ್ಟು ಶಾಣ್ಯಾ ಏನು ಅಂತ ಕೇಳ್ತಾನ, ಅವಳು ಹಿಗ್ಗಿ ಇನ್ನಷ್ಟು ಬದನೆ ಕೊಂಡಿದ್ದಳು. ಮೂರು ನಾಲ್ಕು ವರ್ಷದ ಮೇಲೆ ಅದೇ ಅಂಗಡಿಯವನು ಅದೇ ಮಾತು ಅಂದಾಗ ಕಿವಿ ಪೂರಾ ಕೇಳಿಸಿಕೊಂಡಿತು, ಈ ಹೆಂಗಸು ಕಾಯಿಪಲ್ಲೆಗೆ ಬಂದಾಳೋ ಮಗನಿಗೆ ಹೆಣ್ಣು ನೋಡಲು ಬಂದಾಳೋ, ಉಮ್ಯಾ ಮಾತ್ರ ಮತ್ತೆ ಆ ಹೊಗಳಿಕೆಯನ್ನೇ ಹೇಳಿದ, ಭಲೇ ಮಗನೇ ಎಂದುಕೊಂಡಳು ಒಳಗೊಳಗೇ, ನಗು ತಡೆಯಲಾಗದೆ ಮುಖ ತಿರುವಿದಾಗ ಕಂಡಿತು — ಅವಳ ಸೆರಗಿನ ಚುಂಗು ಅವನ ತೋರುಬೆರಳಿಗೆ ಸುತ್ತಿಕೊಂಡಿತ್ತು, ಒಂದು ಸುತ್ತು, ಎರಡು ಸುತ್ತು, ಬಿಗಿಯಾಗಿ, ಬೆರಳಿನ ತುದಿ ಬೆಳ್ಳಗಾಗುವ ಹಾಗೆ. ಆಮೇಲೆ ಗಮನಿಸುತ್ತ ಬಂದಳು, ಇದ್ದದ್ದನ್ನು ಇದ್ದಹಾಗೆ ಹೇಳುವಾಗ ಕೈ ಚಡ್ಡಿಯ ಕಿಸೆಯಲ್ಲಿ, ಸುಳ್ಳು ಹೇಳುವಾಗ ಬೆರಳು ಚುಂಗಿಗೆ, ಅವನಿಗೇ ಅದರ ಖಬರಿಲ್ಲ, ಹಾಲಿನವನು ಬೈದರೆ ಚುಂಗು, ನೀರಿನ ನಳದ ಹತ್ತಿರ ಯಾರೋ ಅವಳ ಸೀರೆ ಆಡಿಕೊಂಡರೆ ಚುಂಗು, ಅವ್ವನ ಮನಸ್ಸಿಗೆ ತಾಗಬಾರದು ಅಂತ ಊರಿನ ಮುಳ್ಳನ್ನೆಲ್ಲ ತಾನು ತೆಗೆದುಹಾಕಿ ಹೂವಷ್ಟನ್ನೇ ತಂದುಕೊಡುತ್ತಿದ್ದ ಹುಡುಗ.

ಏನೂ ತಿಳಿಯದವಳ ಹಾಗೆ ಕಾಣಬೇಕಲ್ಲ, ಮಾಸ್ತರರು ಮಾತಾಡುತ್ತಿದ್ದಾರೆ, ಲಕ್ಷ್ಮವ್ವ ಮುಖವನ್ನು ಆದಷ್ಟು ಪೆದ್ದು ಮಾಡಿಕೊಂಡು ಕೂತಳು, ಅವರ ಕೋಟಿನ ಗುಂಡಿ ಒಂದು ಕರಿದು ಒಂದು ಬಿಳಿದು, ಮನೆಯಾಕೆ ತವರಿಗೆ ಹೋಗಿರಬೇಕು ಪಾಪ, ಮುಖ ಮಾತ್ರ ಒಳ್ಳೆಯದು, ಮಗನ ಕಡೆಗೇ ತಿರುಗಿ ಮೆಲ್ಲಗೆ ಹೇಳುತ್ತಿದ್ದಾರೆ, ಉಮಾಪತಿ, ನಿನ್ನ ಆಯಿಗೆ ಬರೋಬರ್ ಹೇಳು, ಒಂದು ಮಾತೂ ಬಿಡಬೇಡ, ಇವನು ಮಾರ್ಚಿನ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ, ಕಷ್ಟಪಡುವುದಿಲ್ಲ ಅಂತಲ್ಲ, ಕಷ್ಟಪಟ್ಟು ಪಟ್ಟು ಸೋತುಹೋಗಿದ್ದಾನೆ, ಗಣಿತ ಇವನ ದಾರಿಯಲ್ಲ, ಇವನು ಬರೆದ ಮರಾಠಿ ನಿಬಂಧವನ್ನು ನಾವು ಸ್ಟಾಫ್ ರೂಮಿನಲ್ಲಿ ಓದಿ ಓದಿ ಖುಷಿಪಟ್ಟಿದ್ದೇವೆ, ಮುಂದಿನ ವರ್ಷ ಆರ್ಟ್ಸಿಗೆ ಹಾಕಿ — ಅಯ್ಯ, ಎಂದುಕೊಂಡಳು ಲಕ್ಷ್ಮವ್ವ, ಆರ್ಟ್ಸ್ ಅಂದರೆ ಉಮ್ಯಾನ ಅಪ್ಪನ ಕಣ್ಣಿನ ಕನಸು ಹೋಯಿತು, ನಾ ಬಾವುಟ ಹಿಡದದ್ದ ಸಾಕು, ನನ್ನ ಮಗ ಇಂಜಿನಿಯರ್ ಆಗಿ ಸಾಹೇಬರ ಸಲೂನ್ ಡಬ್ಬಿಯಾಗ ಅಡ್ಡಾಡ್ತಾನ, ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದ ಮನುಷ್ಯ, ಹೋಗಲಿ, ಕೂಗಾಡುತ್ತಾರೆ, ಎರಡು ದಿನ ಊಟ ಬಿಡುತ್ತಾರೆ, ಮೂರನೆಯ ದಿನ ಹಸಿವಾಗುತ್ತದೆ — ಆದರೆ ಮಾಸ್ತರರದು ಮುಗಿದಿರಲಿಲ್ಲ, ದನಿ ಇನ್ನೂ ತಗ್ಗಿತು, ಇದನ್ನೂ ಹೇಳು, ನನ್ನ ಮನೆ ಧರಮಪೇಠದಲ್ಲಿ, ಸಂಜೆ ಅಂಬಾಝರಿ ಕೆರೆಯ ಕಡೆ ತಿರುಗಾಡಲು ಹೋಗುತ್ತೇನೆ, ಮೊನ್ನೆ ಇವನು ಏರಿಯ ಅಂಚಿನಲ್ಲಿ ಒಬ್ಬನೇ ಕೂತಿದ್ದ, ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟಿದ್ದ, ಚಪ್ಪಲಿ ಬಿಚ್ಚಿ ಪಕ್ಕದಲ್ಲಿ ಜೋಡಿಸಿದ್ದ, ನಾನು ಕರೆದರೆ, ಸರ್, ನಾಪಾಸಾದವನು ಮನೆಗೆ ಹೋಗಲೇಬೇಕೇ ಎಂದು ಕೇಳಿದ, ನಾನೇ ಕೈ ಹಿಡಿದು ಅಜನಿಯ ತನಕ ಬಿಟ್ಟುಬಂದೆ, ಆಯಿಗೆ ಹೇಳು, ಸ್ವಲ್ಪ ದಿನ ಇವನನ್ನು ಒಬ್ಬನನ್ನೇ ಬಿಡಬೇಡಿ ಅಂತ.

ಪಂಖ ಟಕ್ ಅಂದಿತು. ಲಕ್ಷ್ಮವ್ವ ಕಣ್ಣು ಎತ್ತಲಿಲ್ಲ, ಎತ್ತಿದರೆ ಗೊತ್ತಾಗಿಬಿಡುತ್ತದೆ, ಏನಂತಾರೋ ಉಮಾ, ಎಂದು ಕೇಳಿದಳು, ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು, ಮಗ ಎಂದಿನಂತೆ ಕಿವಿಯ ಹತ್ತಿರ ಬಗ್ಗಿದ, ನಕ್ಕ, ಅಯ್ಯ, ಎಂಥ ಚಂದದ ನಗೆ, ಏನಿಲ್ಲ ಅವ್ವಾ, ಗಣಿತದಾಗ ಸ್ವಲ್ಪ ಹಿಂದದಾನ, ಜೋರು ಮಾಡಿದ್ರ ಬರೋಬರ್ ಆಗತೈತಿ ಅಂತಾರ, ಚಿಂತಿ ಮಾಡಬ್ಯಾಡ್ರಿ, ಮಾರ್ಚಿನ್ಯಾಗ ಪಾಸಾಗ್ತಾನ ಅಂತಾರ, ಮತ್ತ ಓದಿ ಓದಿ ತಲಿ ಬಿಸಿ ಆಗಬಾರದು ನೋಡು, ಅದಕ್ಕ ದಿನಾ ಸಂಜಿಮುಂದ ಒಬ್ಬನ ಕೆರಿ ಕಡೆ ತಿರುಗಾಡಾಕ ಹೋಗು ಅಂತ ಹೇಳ್ಯಾರ, ಅಲ್ಲಿ ಗಾಳಿ ಚಲೋ ಇರತೈತಿ ಅಂತ — ಮತ್ತು ಅವಳ ಭುಜದ ಹಿಂದೆ, ಕುರ್ಚಿಯ ಬೆನ್ನಿನ ಮೇಲೆ ಜೋತುಬಿದ್ದ ಸೆರಗು ಮೆಲ್ಲಗೆ ಜಗ್ಗಿತು, ಒಂದು ಸುತ್ತು, ಎರಡು ಸುತ್ತು, ನೋಡುವುದೇ ಬೇಕಾಗಿಲ್ಲ, ಎಷ್ಟು ವರ್ಷವಾಯಿತು ಈ ಜಗ್ಗು ತಾಗಿ, ಹುಡುಗ ದೊಡ್ಡವನಾದ, ಬಿಟ್ಟುಬಿಟ್ಟ ಅಂದುಕೊಂಡಿದ್ದಳು, ಕೊನೆಯ ಸಲ ಇಷ್ಟು ಬಿಗಿಯಾಗಿ ಜಗ್ಗಿದ್ದು ಯಾವಾಗ, ಇಷ್ಟು ಬಿಗಿಯಾಗಿ, ಹೆಗಲ ಮೇಲಿನ ಸೀರೆ ಇಳಿಯುವಷ್ಟು.

ದವಾಖಾನೆ. ದವಾಖಾನೆಯ ಪಡಸಾಲೆ, ನಾಗಪುರಕ್ಕೆ ಬಂದ ಮೊದಲ ಮಳೆಗಾಲ, ಹೊರಗೆ ತಗಡಿನ ಮೇಲೆ ಮಳೆಯ ಸದ್ದು, ಆಗ ಅವಳಿಗೆ ಮರಾಠಿಯ ಒಂದು ಅಕ್ಷರವೂ ತಿಳಿಯದು, ಇವರು ಆಗಲೂ ಲೈನಿನ ಮೇಲೆ, ಒಳಗೆ ಜಯಾ, ಎದೆ ಗೊರಗೊರ, ಡಾಕ್ಟರರು ಹೊರಗೆ ಬಂದು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಇವನಿಗೆ ಏನೋ ಹೇಳಿದರು, ಬಹಳ ಹೊತ್ತು ಹೇಳಿದರು, ಇವನ ತಲೆ ಸವರಿದರು, ಏನಂತಾರೋ ಉಮಾ, ಏನಂತಾರೋ, ಇವನು ಅವಳನ್ನು ನೋಡಿ ನಕ್ಕ, ಮುಂದಿನ ಎರಡು ಹಲ್ಲು ಬಿದ್ದಿದ್ದವು, ಆರಾಮ ಆಗತಾಳ ಅಂತಾರ ಅವ್ವಾ, ನಾಳಿಗಿ ನಾಡದ ಮನಿಗಿ ಕರಕೊಂಡು ಹೋಗ್ರಿ ಅಂತಾರ, ಅವಳು ಅಲ್ಲಿಯೇ ಗೋಡೆಗೆ ಕೈ ಮುಗಿದಿದ್ದಳು, ಕೂಸಿನ ಹತ್ತಿರ ಕಾಶಿಬಾಯಿಯನ್ನು ಕೂರಿಸಿ ಮನೆಗೆ ಓಡಿ ಒಲೆ ಹೊತ್ತಿಸಿ ಗೋಧಿ ನುಚ್ಚಿನ ಸಜ್ಜಕ ಮಾಡಿದ್ದಳು, ಬೆಲ್ಲ ಕೈಬಿಟ್ಟು ಹಾಕಿ, ತುಪ್ಪ ಸುರಿದು, ತಿನ್ನೋ ನನ್ನ ರಾಜಾ, ಒಳ್ಳೇ ಸುದ್ದಿ ತಂದ ಬಾಯಿಗೆ ಸಿಹಿ ಬೀಳಬೇಕು, ಎಂದು ಎದುರಿಗೆ ಕೂತು ಬಡಿಸಿದ್ದಳು, ಅವನು ತಿಂದ, ಇನ್ನಷ್ಟು ಹಾಕಿದಳು, ಅದನ್ನೂ ತಿಂದ, ಸಾಕು ಅನ್ನಲಿಲ್ಲ, ಕಣ್ಣು ಗಂಗಾಳ ಬಿಟ್ಟು ಮೇಲೇಳಲಿಲ್ಲ — ಮರುದಿನ ನಸುಕಿನಲ್ಲಿ ಜಯಾ ಹೋದಳು. ಎಲ್ಲರೂ ಅತ್ತರು, ಇವನೊಬ್ಬ ಅಳಲಿಲ್ಲ, ಕಲ್ಲೆದಿ ಹುಡುಗ ಎಂದರು ಊರಿಂದ ಬಂದವರು, ಅವಳಿಗೂ ಅನ್ನಿಸಿತ್ತು, ದೇವರೇ ಅವಳಿಗೂ ಒಂದೊಂದು ಸಲ ಅನ್ನಿಸಿತ್ತು, ಡಾಕ್ಟರನಿಗೆ ಶಾಪ ಹಾಕಿದ್ದಳು ಸುಳ್ಳು ಹೇಳಿದನಲ್ಲ ಎಂದು, ಈ ಒಂಬತ್ತು ವರ್ಷ ಆ ಕನ್ನಡಕದ ಡಾಕ್ಟರನಿಗೆ ಶಾಪ ಹಾಕುತ್ತಲೇ ಬಂದಿದ್ದಾಳೆ, ಆದರೆ ಆ ದಿನ, ಆ ಪಡಸಾಲೆಯಲ್ಲಿ, ಆರಾಮ ಆಗತಾಳ ಅಂತಾರ ಎಂದು ಇವನು ನಗುವಾಗ, ಸೀರೆ ಜಗ್ಗಿತ್ತು, ಹೌದು, ಜಗ್ಗಿತ್ತು, ಬಿಡೋ ಸೀರಿ ಹರಿದೀತು ಎಂದು ಅವಳೇ ಬಿಡಿಸಿಕೊಂಡು ಓಡಿದ್ದಳು. ಅವನಿಗೆ ಗೊತ್ತಿತ್ತು. ಎಂಟು ವರ್ಷದ ಕೂಸಿಗೆ ಗೊತ್ತಿತ್ತು, ಗೊತ್ತಿದ್ದೂ ಅವ್ವನ ಮುಂದೆ ಕೂತು ಸಜ್ಜಕ ತಿಂದ.

ಆಯಿ ಏನನ್ನುತ್ತಾರೆ, ಎಂದು ಶಾಮರಾವ್ ಸರ್ ಕೇಳುತ್ತಿದ್ದಾರೆ, ಉಮಾಪತಿ ಬಾಯಿ ತೆರೆಯುತ್ತಾನೆ, ಈಗ ಅತ್ತಲಿನ ಸುಳ್ಳನ್ನು ಹೊಲಿಯುತ್ತಾನೆ, ಸರ್, ಆಯಿ ಆಗಲಿ ಅಂತಾರೆ, ಅಪ್ಪನ ಜೊತೆ ಮಾತಾಡುತ್ತಾರಂತೆ, ಆಯಿತು, ಎದ್ದು ಹೋಗುವುದು, ನಾಳೆ ಸಂಜೆ ಇವನು ಗಾಳಿಗೆ ಹೋಗುವುದು, ಅವಳೇ ಬಾಗಿಲಲ್ಲಿ ನಿಂತು ಹೋಗಿ ಬಾ ಅನ್ನುವುದು — ಇಲ್ಲ, ಸಾಕು, ಇನ್ನು ಸಜ್ಜಕ ಬಡಿಸುವುದಿಲ್ಲ. ಸರ್, ಎಂದಳು ಲಕ್ಷ್ಮವ್ವ. ನಾಲಿಗೆ ಹಲ್ಲಿಗೆ ಎಡವಿತು. ಸರ್, ಮಲಾ ಸಗಳಂ ಕಳತಂ. ನನಗೆ ಎಲ್ಲ ತಿಳಿಯುತ್ತದೆ ಎಂಬ ಆ ಒಂದು ಮಾತಿಗೆ ಅವಳ ಬಳಿ ಇದ್ದ ಮರಾಠಿಯೆಲ್ಲ ಮುಗಿದುಹೋಯಿತು, ಮಾಸ್ತರರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು, ಅವ್ವಾ, ಎಂದಿತು ಭುಜದ ಹಿಂದೆ ಒಂದು ಸಣ್ಣ ದನಿ, ಮೀಸೆ ಬರುವ ಮೊದಲಿನ ದನಿ. ಅವಳು ತಿರುಗಲಿಲ್ಲ, ತಿರುಗಿದರೆ ಇಬ್ಬರೂ ಉಳಿಯುವುದಿಲ್ಲ. ಹೇಳು ಉಮಾ, ಸರ್‌ಗ ಹೇಳು, ನಾ ಅಂದದ್ದನ್ನ ಇದ್ದಂಗ ಹೇಳು, ಆರ್ಟ್ಸಿಗೆ ಹಾಕ್ರಿ ಅಂತ ಹೇಳು, ಅವರಪ್ಪನ್ನ ನಾ ನೋಡ್ಕೋತೀನಿ ಅಂತ ಹೇಳು, ನಾಪಾಸ್ ಆದ್ರೂ ಮನಿಗಿ ಬರಾಕಬೇಕು, ಹೆಚ್ಚು ಜಲ್ದಿ ಬರಬೇಕು, ಅವ್ವ ಬಾಗಿಲದಾಗ ನಿಂತಿರತಾಳ ಅಂತ ಹೇಳು. ಹೇಳೋ. ಪಂಖ ಟಕ್ ಅಂದಿತು, ಟಕ್, ಇವರ ಗಾಡಿ ಎಲ್ಲಿಯೋ ಹಳಿಯ ಜೋಡಣೆ ದಾಟುತ್ತಿದೆ, ಮಗ ಶುರುಮಾಡಿದ, ಸರ್, ಆಯಿ ಮ್ಹಣತೇ, ಅವ್ವ ಅಂತಾಳೆ, ಅಷ್ಟೇ, ಮುಂದೆ ಹೋಗಲಿಲ್ಲ, ಮತ್ತೆ ಆಯಿ ಮ್ಹಣತೇ, ಮತ್ತೆ ನಿಂತಿತು, ಹದಿನೈದು ದಿನದಲ್ಲಿ ಊರಿನ ಮಾತನ್ನೆಲ್ಲ ಕಲಿತ ಹುಡುಗನಿಗೆ ಇಷ್ಟು ಹೇಳಲು ಬರುತ್ತಿಲ್ಲ, ಬರಲಿ, ಕಾಯುತ್ತಾಳೆ ಅವಳು, ಕಾಯುತ್ತಾಳೆ, ಸೆರಗು ಹೆಗಲಿನಿಂದ ಇಳಿಯುತ್ತಿದೆ, ಇಳಿಯಲಿ, ಹರಿಯಲಿ, ಈ ಸಲ ಬಿಡಿಸಿಕೊಳ್ಳುವುದಿಲ್ಲ, ಚುಂಗು ಸುತ್ತಿದ ಆ ಬೆರಳು, ಪಡಸಾಲೆಯ ಮಳೆಯಲ್ಲಿ ಎಂಟು ವರ್ಷದ ಆ ಬೆರಳು, ಒಂದು ಸುತ್ತು, ಎರಡು ಸುತ್ತು, ಬೆಳ್ಳಗಾದ ತುದಿ —