ಚೊಚ್ಚಲ ಕಾವು

ಸೋದರಮಾವ ಬುಟ್ಟಿಯ ಎರಡೂ ಅಂಚು ಹಿಡಿದು ಎತ್ತಲು ಬಗ್ಗಿದಾಗ ಬಾತುಕೋಳಿ ಕತ್ತು ಚಾಚಿ ಅವನ ಮಣಿಕಟ್ಟು ಕಚ್ಚಿತು. ಕಚ್ಚಿದ್ದನ್ನು ತಕ್ಷಣ ಬಿಡಲೂ ಇಲ್ಲ.

"ಥೂ, ಇದರ!" ಅವನು ಕೈ ಕೊಡವಿಕೊಂಡ. "ಅಕ್ಕನ ಹೆಣ ಮುಂದಿನ ಕೋಣೇಲಿ ಕಾಯ್ತಾ ಇದೆ, ಬಚ್ಚಲಲ್ಲಿ ಇದರ ದರ್ಬಾರು. ಲೇ ಹುಡುಗಿ, ಒಂದು ಗೋಣಿಚೀಲ ತಗೊಂಡು ಬಾ."

ಅವನು ಹುಡುಗಿ ಎಂದು ಕರೆದದ್ದು ತಲೆಯಲ್ಲಿ ಅಲ್ಲಲ್ಲಿ ನರೆ ಕಾಣಿಸಿಕೊಂಡಿದ್ದ ಅಕ್ಕನ ಮಗಳನ್ನು. ಅವಳು ಬಚ್ಚಲ ಬಾಗಿಲಿಗೆ ಆತು ನಿಂತಿದ್ದಳು. ಗೋಣಿಚೀಲ ತರಲು ಹೋಗಲಿಲ್ಲ.

"ಅದನ್ನ ಮುಟ್ಬೇಡಿ ಮಾವ."

"ಮುಟ್ದೆ? ಅಮ್ಮನ್ನ ಎಲ್ಲಿ ತೊಳೀತೀರಾ? ಈ ಮನೇಲಿ ನಲ್ಲಿ ಇರೋದೇ ಇಲ್ಲಿ."

"ಇಲ್ಲೇ ತೊಳೀತೀವಿ. ಅದು ಅದರ ಪಾಡಿಗೆ ಮೂಲೇಲಿರುತ್ತೆ."

"ಹೆಣದ ಪಕ್ಕ ಬಾತುಕೋಳೀನ? ನೋಡಿದ ಜನ ಏನಂತಾರೆ?"

"ಅನ್ಲಿ ಬಿಡಿ. ಇವತ್ತೋ ನಾಳೆನೋ ಮರಿ ಮಾಡುತ್ತೆ. ಈಗ ಎತ್ತಿ ಆಚೆ ಇಟ್ರೆ ಮತ್ತೆ ಕಾವಿಗೆ ಕೂರಲ್ಲ. ಚೊಚ್ಚಲು ಅದು."

ಆ ಮಾತು ಅಮ್ಮನದು ಎಂದು ಆಡಿದ ಮೇಲೆ ಅವಳಿಗೆ ಹೊಳೆಯಿತು. ಮಾವನಿಗೂ ಹೊಳೆದಿರಬೇಕು. ಆಯುಷ್ಯವೆಲ್ಲ ಲಾರಿ ಓಡಿಸಿ ಗಟ್ಟಿಯಾಗಿ ಮಾತಾಡುವುದೊಂದನ್ನೇ ಕಲಿತಿದ್ದ ಅವನು ಬಾಯಿ ಮುಚ್ಚಿಕೊಂಡು, ಕಚ್ಚಿದ ಜಾಗ ಒರೆಸಿಕೊಳ್ಳುತ್ತ ಆಚೆ ಹೋದ. ಅವಳು ಬುಟ್ಟಿಯ ಮುಂದೆ ಒಂದು ಮುಕ್ಕಾಲಿ ಎಳೆದು, ಅದರ ಮೇಲೆ ಹಳೆಯ ಹಾಸುಬಟ್ಟೆ ಹೊದಿಸಿ ಮರೆ ಮಾಡಿದಳು. ಬಟ್ಟೆಯ ಹಿಂದಿನಿಂದ ಒಂದು ಸಿಡುಕಿನ ಬುಸ್ ಎಂಬ ಸದ್ದು ಬಂದು ನಿಂತಿತು.

ಮುಂದಿನ ಕೋಣೆಯಲ್ಲಿ ಜನ ತುಂಬಿದ್ದರು. ಸತ್ತವಳು ದೊಡ್ಡ ಮನುಷ್ಯಳೇನಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಊರಿಗೆಲ್ಲ ಅವಳು ವಾರ್ಡಮ್ಮ. ಎಷ್ಟೋ ಜನರ ಮೈಗೆ ಬಿದ್ದ ಮೊದಲ ನೀರು ಅವಳು ಹುಯ್ದದ್ದು. ಬೀದಿಯಲ್ಲಿ ಮೀಸೆ ತಿರುವಿಕೊಂಡು ನಿಂತ ಪೊಲೀಸಿನವನಿಗೂ, "ನೀನು ಹುಟ್ಟಿದಾಗ ಅಳಲೇ ಇಲ್ಲ ಕಣೋ, ಕುಂಡಿಗೆ ಎರಡು ಬಿಟ್ಟ ಮೇಲೇ ಬಾಯಿ ಬಿಟ್ಟಿದ್ದು" ಎಂದುಬಿಡುತ್ತಿದ್ದಳು. ಆ ಪೊಲೀಸಿನವನೂ ಬಂದಿದ್ದ. ಟೋಪಿ ಕಂಕುಳಲ್ಲಿಟ್ಟುಕೊಂಡು ಗೋಡೆಗೆ ಮುಖ ಮಾಡಿ ನಿಂತಿದ್ದ.

ಪಕ್ಕದ ಮನೆಯ ಬೇಕರಿಯವಳು ಬಂದವರಿಗೆಲ್ಲ ಒಂದೇ ಮಾತನ್ನು ಹೇಳುತ್ತಿದ್ದಳು. "ನಿನ್ನೆ ಬೆಳಗ್ಗೆ ಬಚ್ಚಲ ಗೋಡೆಗೆ ಒರಗಿ ಕೂತಿದ್ರು. ತೊಡೆ ಮೇಲೆ ಕಾಳಿನ ಬೋಗುಣಿ. ಬಾತುಕೋಳಿ ಹತ್ರ ಮಾತಾಡ್ತಿದಾರೆ ಅಂದ್ಕೊಂಡು ಒಂದು ಕೂಗು ಹಾಕಿ ವಾಪಸ್ ಹೋದೆ. ಒಲೆ ಮೇಲೆ ಕೆಲಸ ಇತ್ತು ನನಗೆ. ಮತ್ತೆ ಬಂದಾಗ್ಲೂ ಹಾಗೇ ಕೂತಿದ್ರು."

*

ವಾರದ ರಜೆಯ ದಿನ ಮಗಳು ಬಂದು ಹೋಗುತ್ತಿದ್ದಳು. ಹೊಲಿಗೆ ಅಂಗಡಿ ಇಟ್ಟುಕೊಂಡು ಗಂಡನ ಜೊತೆ ಊರಿನ ಇನ್ನೊಂದು ತುದಿಯಲ್ಲಿದ್ದಳು. ಬರುವಾಗ ಹಣ್ಣು ತರುತ್ತಿದ್ದಳು, ಕೂರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು. ಅಷ್ಟೇ.

ಬಾತುಕೋಳಿ ಕಾವಿಗೆ ಕೂತ ಹೊಸತರಲ್ಲಿ ಒಮ್ಮೆ ಬಂದಾಗ ಅಮ್ಮ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಒಗೆಯುವ ಬಟ್ಟೆಯ ಬುಟ್ಟಿಯನ್ನೇ ಅದು ಗೂಡು ಮಾಡಿಕೊಂಡಿತ್ತು. ಅಮ್ಮ ಬಟ್ಟೆ ತೆಗೆದು ಒಣಹುಲ್ಲು ಹಾಸಿ, ಕಿಟಕಿಗೆ ಹಳೆಯ ಹೊದಿಕೆ ಕಟ್ಟಿ ಕತ್ತಲೆ ಮಾಡಿದ್ದಳು. ಸ್ನಾನ ಮಾತ್ರ ಅಡುಗೆಮನೆಯಲ್ಲಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು.

"ಏನೂ ತಿಳಿಯಲ್ಲ ಕಣೇ ಇದಕ್ಕೆ, ಚೊಚ್ಚಲು ನೋಡು," ಎಂದಳು ಅಮ್ಮ. "ಕೂರುತ್ತೆ, ಏಳುತ್ತೆ, ಬೆದರುತ್ತೆ. ಮೊನ್ನೆ ತಾನೇ ತುಳಿದು ಒಂದನ್ನ ಒಡೆದು ಹಾಕ್ತು. ಬೈಯೋಕಾಗುತ್ತಾ? ದಿನಾ ನಾನೇ ಎಬ್ಬಿಸಿ ಕಾಳು ಹಾಕಿ ತೊಟ್ಟಿಗೆ ಬಿಡ್ತೀನಿ. ಹೊಟ್ಟೆ ಒದ್ದೆ ಮಾಡ್ಕೊಂಡು ಬಂದು ಕೂತ್ರೆ ಮೊಟ್ಟೆಗೂ ಒಳ್ಳೇದು, ಚಿಪ್ಪು ಒಣಗಲ್ಲ."

ಅಂಗೈ ಮೇಲೆ ಮಾಡಿ ಹಕ್ಕಿಯ ಹೊಟ್ಟೆಯ ಕೆಳಗೆ ಕೈ ತೂರಿಸಿ ಒಂದು ಮೊಟ್ಟೆ ತೆಗೆದಳು. ಅದಕ್ಕೆ ಟಾರ್ಚಿನ ಬೆಳಕು ಒತ್ತಿ ಹಿಡಿದಳು. ಮೊಟ್ಟೆ ಒಳಗಿನಿಂದ ಕೆಂಪಾಯಿತು. ಕೂದಲೆಳೆಯಂಥ ನರಗಳು, ನಡುವೆ ಕಪ್ಪು ಚುಕ್ಕೆಯೊಂದು ಮಿಡುಕುತ್ತಿತ್ತು.

"ಬಾರೇ ಇಲ್ಲಿ, ನೋಡು. ಎಷ್ಟು ಚೆನ್ನಾಗಿ ಆಡ್ತಿದೆ."

ಮಗಳು ನಿಂತಲ್ಲೇ ನಿಂತಳು. "ಬೇರೆಯವರ ಮರಿ ಆದ್ರೆ ಎಷ್ಟು ಚೆನ್ನಾಗಿ ತೋರಿಸ್ತೀಯಮ್ಮ."

ಅಮ್ಮ ಟಾರ್ಚು ಆರಿಸಿದಳು. ಕತ್ತಲೆಯಲ್ಲೇ ತಡಕಿ ಮೊಟ್ಟೆಯನ್ನು ಅದರ ಜಾಗಕ್ಕೆ ಇಟ್ಟಳು. ಏನೋ ಹೇಳಲು ಗಂಟಲು ಸರಿಮಾಡಿಕೊಂಡಂತೆ ಕೇಳಿಸಿತು. ಕಾಫಿ ಮಾಡುತ್ತೇನೆಂದು ಎದ್ದು ಹೋದಳು. ಮಗಳು ಅದು ಕುದಿಯುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದಳು.

*

ಮೂವರು ಹೆಂಗಸರು ಹಲಗೆಯ ಮೇಲೆ ವಾರ್ಡಮ್ಮನನ್ನು ಮಲಗಿಸಿದರು. ಮಗಳು, ಬೇಕರಿಯವಳು, ಮತ್ತು ಅದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾಗಿದ್ದ ಸಿಸ್ಟರಮ್ಮ. ಮಂಡಿನೋವಿನ ಸಿಸ್ಟರಮ್ಮ ಬಸ್ಸು ಬದಲಾಯಿಸಿಕೊಂಡು ಬಂದಿದ್ದಳು. ನಿಲ್ಲಲಾಗದೆ ತಲೆಯ ಹತ್ತಿರ ಮಣೆ ಹಾಕಿಕೊಂಡು ಕೂತಳು.

ಬಿಸಿನೀರು ಬೇಕೆಂದು ಮೂವರಿಗೂ ಅನ್ನಿಸಿತ್ತು. ಬೇಕರಿಯವಳು ಕಾಯಿಸಿ ತಂದಳು. ಮಗಳು ಹುಯ್ದಳು, ಸಿಸ್ಟರಮ್ಮ ಉಜ್ಜಿದಳು.

"ಈ ಕೈ ನೋಡು," ಎಂದಳು ಸಿಸ್ಟರಮ್ಮ, ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ. "ಫಿನಾಯಿಲಲ್ಲಿ ನೆಂದೂ ನೆಂದೂ ಗೆರೆಯೇ ಅಳಿಸಿ ಹೋಗಿದೆ. ಪಾಪ, ಎಂಥ ಜೀವ. ನಿನ್ನ ಕೂಸನ್ನ ಎದೆಗೆ ಒತ್ಕೊಂಡು ಆಸ್ಪತ್ರೆ ಬಟ್ಟೆ ಕೋಣೇಲಿ ಕೂತುಬಿಟ್ಟಿದ್ಲು. ಅದರ ಉಸಿರು ನಿಲ್ಲೋವರೆಗೂ ಏಳಲೇ ಇಲ್ಲ. ನಾನು ಹೋಗಿ ಭುಜ ಮುಟ್ಟಿ ಕರೆದ್ರೂ ಏಳಲಿಲ್ಲ."

ಮಗಳ ಕೈಯ ಚೊಂಬು ಬಗ್ಗಿಯೇ ಇತ್ತು. ನೀರು ಅಮ್ಮನ ಹೊಟ್ಟೆಯ ಮೇಲೆ ಬಿದ್ದು ಎರಡೂ ಪಕ್ಕಕ್ಕೆ ಹರಿದು ಖಾಲಿಯಾಯಿತು.

"ಯಾವುದರ ಉಸಿರು?"

ಸಿಸ್ಟರಮ್ಮ ತಲೆಯೆತ್ತಿದಳು. ಬೇಕರಿಯವಳ ಮುಖ ನೋಡಿದಳು, ಮತ್ತೆ ಮಗಳ ಮುಖ.

"ನಿಂಗೆ ಅವಳು... ಹೇಳಿರಲಿಲ್ವಾ?"

"ಸತ್ತೇ ಹುಟ್ತು ಅಂದಿದ್ಲು."

ಹೊದಿಸಿದ ಬಟ್ಟೆಯ ಹಿಂದೆ ಬಾತುಕೋಳಿ ಮೈ ಹೊರಳಿಸಿತು. ಒಳಗೆಲ್ಲೋ ಆಳದಿಂದ, ಚಿಪ್ಪಿನೊಳಗಿಂದಲೇ, ಸೂಜಿಯಷ್ಟು ಸಣ್ಣ ಕೀಚು ದನಿಯೊಂದು ಕೇಳಿ ನಿಂತಿತು.

"ಅತ್ತಿತ್ತಾ?" ಎಂದಳು ಮಗಳು.

"ಅಳೋಷ್ಟು ತ್ರಾಣ ಇರಲಿಲ್ಲಮ್ಮ. ಬಾಯಿ ಆಡಿಸ್ತಿತ್ತು. ತಿಂಗಳು ತುಂಬಿರಲಿಲ್ಲ, ಉಳಿಯೋ ಕೂಸಲ್ಲ. ಡಾಕ್ಟರೆಲ್ಲ ನಿನ್ನ ಸುತ್ತ ನಿಂತಿದ್ರು, ನಿಂಗೆ ರಕ್ತ ನಿಲ್ತಾನೇ ಇರಲಿಲ್ಲ. ನೀನು ಉಳಿದ್ರೆ ಸಾಕು ಅನ್ನೋ ಹಾಗಿತ್ತು."

"ಎಷ್ಟು ಹೊತ್ತು ಇತ್ತು?"

"ಯಾರು ಗಡಿಯಾರ ನೋಡಿದ್ರು, ಮಗಳೇ."

"ನಾನು ಎಚ್ಚರ ಇದ್ದೆ," ಎಂದಳು ಅವಳು. ದನಿ ಏರಲಿಲ್ಲ. "ನಾನು ಕೇಳ್ದೆ. ತೋರ್ಸು ಅಂತ ಕೇಳ್ದೆ."

*

ಆಗ ಅವಳಿಗೆ ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಅಮ್ಮ ಕೆಲಸ ಮಾಡುವ ಆಸ್ಪತ್ರೆ, ಭಯವೇನು ಎಂದುಕೊಂಡೇ ಬಂದಿದ್ದಳು. ಮೇಲೆ ಹಸಿರು ಬಣ್ಣದ ಚಾವಣಿ, ಅದರಲ್ಲೊಂದು ಕಲೆ. ಕಾಲ ಬಳಿ ಜನ ಓಡಾಡುವ ಸದ್ದು. ಅಮ್ಮ ಬಟ್ಟೆಯ ಗಂಟೊಂದನ್ನು ಎತ್ತಿಕೊಂಡು ಬಾಗಿಲ ಕಡೆ ಹೋಗುತ್ತಿದ್ದಳು, ಬೆನ್ನು ಮಾತ್ರ ಕಾಣುತ್ತಿತ್ತು.

"ಅಮ್ಮ, ಏನಾಯ್ತು? ಯಾವ ಮಗು?"

"ಗಂಡು." ಅಮ್ಮ ತಿರುಗಲಿಲ್ಲ. "ಹೋಗಿಬಿಡ್ತು ಕಣೇ. ಹೊಟ್ಟೆಯೊಳಗೇ ಹೋಗಿತ್ತು."

"ತೋರ್ಸು."

"ಬೇಡ. ನೋಡಿದ್ರೆ ಮರೆಯೋಕಾಗಲ್ಲ."

"ಅಮ್ಮ, ಒಂದ್ಸಲ ತೋರ್ಸು."

ಬಾಗಿಲು ಮುಚ್ಚಿಕೊಂಡಿತು. ಆಮೇಲೆ ಯಾರೋ ಅವಳ ತೋಳಿಗೆ ಸೂಜಿ ಚುಚ್ಚಿದರು. ಎಚ್ಚರವಾದಾಗ ಗರ್ಭಕೋಶ ತೆಗೆದಾಗಿತ್ತು. ಕೆಲವು ದಿನಕ್ಕೆ ಎದೆಯಲ್ಲಿ ಹಾಲು ಬಂತು. ಅಮ್ಮ ಮಾತಿಲ್ಲದೆ ಅವಳ ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿದಳು, ಒದ್ದೆಯಾದಾಗಲೆಲ್ಲ ಬಿಚ್ಚಿ ಬೇರೆ ಕಟ್ಟಿದಳು. ಎಲ್ಲಿ ಹಾಕಿದಿರಿ ಎಂದು ಅವಳೂ ಕೇಳಲಿಲ್ಲ. ಆಸ್ಪತ್ರೆಯ ಹಿಂದಿನ ಗುಂಡಿಯ ವಿಷಯ ಊರಿಗೆಲ್ಲ ಗೊತ್ತಿತ್ತು.

*

ಮಗಳು ಸೋಪು ತೆಗೆದುಕೊಂಡಳು. ಅಮ್ಮನ ಕೈ ಎಳೆದು ತೊಡೆಯ ಮೇಲಿಟ್ಟುಕೊಂಡು ಉಜ್ಜತೊಡಗಿದಳು. ಅಂಗೈ, ಬೆರಳ ಸಂದು, ಉಗುರಿನ ಬುಡ. ನೊರೆ ಬಂದರೂ ಬಿಡಲಿಲ್ಲ. ಹಲಗೆ ಅಲುಗಾಡಿತು.

"ಮೆಲ್ಲಗೆ," ಎಂದಳು ಬೇಕರಿಯವಳು. "ಮೆಲ್ಲಗೆ ಉಜ್ಜಮ್ಮ."

"ಯಾಕೆ, ನೋಯುತ್ತಾ ಅವಳಿಗೆ?"

ಸಿಸ್ಟರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಮಗಳು ಇನ್ನೊಂದು ಕೈಯನ್ನೂ ಹಾಗೇ ತೊಳೆದಳು, ತಲೆ ಒರೆಸಿದಳು, ಕೂದಲು ಬಾಚಿ ಕಟ್ಟಿದಳು. ಅಮ್ಮನ ರವಿಕೆಯ ಗುಂಡಿ ಮಾತ್ರ ಅವಳು ಹಾಕಲಿಲ್ಲ. ಬೇಕರಿಯವಳು ಹಾಕಿದಳು.

ಮಸಣದಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಗುಂಡಿ ತೋಡುವವರು ಗುದ್ದಲಿ ಊರಿಕೊಂಡು ದೂರ ನಿಂತಿದ್ದರು. ಅವಳ ಗಂಡ ಕೊಡೆ ಹಿಡಿಯಲು ಬಂದ. ಬೇಡವೆಂದು ಕೈ ಆಡಿಸಿ ಅವಳು ಮಾವನ ಪಕ್ಕ ಹೋಗಿ ನಿಂತಳು.

"ನನ್ನ ಮಗು ಉಸಿರಾಡ್ತಿತ್ತಂತೆ. ನಿಮಗೆ ಗೊತ್ತಿತ್ತಾ ಮಾವ?"

ಮಾವ ಕಾಲ ಬೆರಳಿನಿಂದ ಮಣ್ಣಿನ ಹೆಂಟೆಯೊಂದನ್ನು ಒತ್ತಿ ಪುಡಿ ಮಾಡಿದ. "ಆಸ್ಪತ್ರೆ ಗುಂಡಿಗೆ ಹಾಕೋಕೆ ಬಿಡಲಿಲ್ಲ ಅಕ್ಕ. ನನ್ನ ಲಾರೀಲೇ ಇಲ್ಲಿಗೆ ತಂದ್ವಿ. ಅವಳೇ ಮಡಿಲಲ್ಲಿ ಇಟ್ಕೊಂಡಿದ್ಲು. ನಿಂಗೆ ಹೇಳು ಅಂತ ಎಷ್ಟು ಸಲ ಬಡ್ಕೊಂಡೆ. 'ಈಗ ಹೇಳಿದ್ರೆ ನನ್ನ ಮುಖಾನೂ ನೋಡಲ್ಲ ಕಣೋ' ಅಂತಿದ್ಲು. ವರ್ಷ ಕಳೀತಾ ಕಳೀತಾ ಇನ್ನೂ ಕಷ್ಟ ಆಯ್ತು ಅವಳಿಗೆ."

"ಎಲ್ಲಿ?"

ಅವನು ಗದ್ದದಿಂದ ತೋರಿಸಿದ. ಮಸಣದ ಆ ಬದಿಗೆ ಗೋಡೆಯಿತ್ತು. ಗೋಡೆಯ ಆಚೆ ಡಾಂಬರು ರಸ್ತೆ, ಅದರ ಮೇಲೆ ಬಸ್ಸೊಂದು ಹಾರ್ನು ಹೊಡೆಯುತ್ತ ಹೋಯಿತು.

"ಗೋಡೆ ಆಗ ಇನ್ನೂ ಆಚೆ ಇತ್ತು. ರಸ್ತೆ ಅಗಲ ಮಾಡಿದ್ರಲ್ಲ... ಗೋಡೆ ಒಡೆದ ದಿನ ಅಕ್ಕ ಇಲ್ಲಿ ಬಂದು ಕೂತಿದ್ಲು, ಏನೂ ಮಾಡೋಕಾಗಲಿಲ್ಲ."

ಮಣ್ಣು ಹಾಕಿ ಎಂದು ಯಾರೋ ಅಂದರು. ಮಾವ ಒಂದು ಹಿಡಿ ಮಣ್ಣು ಅವಳ ಅಂಗೈಗೆ ಹಾಕಿದ. ಅವಳು ಮುಷ್ಟಿ ಕಟ್ಟಿದಳು. ಎಲ್ಲರೂ ಹಾಕಿದರು. ಅವಳ ಮುಷ್ಟಿ ಬಿಚ್ಚಲಿಲ್ಲ. ವಾಪಸ್ ಬರುವ ಗಾಡಿಯಲ್ಲೂ ಹಾಗೇ ಇತ್ತು. ಬೆರಳ ಸಂದಿನಿಂದ ಮಣ್ಣು ಅವಳ ಮಡಿಲಿಗೆ ಉದುರುತ್ತಿದ್ದುದನ್ನು ಗಂಡ ನೋಡಿದ.

ಇಳಿಹೊತ್ತಿಗೆ ಜನ ಕರಗಿದರು. ಬಾಡಿಗೆ ಕುರ್ಚಿಗಳನ್ನು ಗಂಡ ಒಂದರ ಮೇಲೊಂದು ಪೇರಿಸುತ್ತಿದ್ದ. ಬಚ್ಚಲ ಕಡೆಯಿಂದ ಬೇಕರಿಯವಳು ಕೂಗಿದಳು. "ಬೇಗ ಬಾ ಇಲ್ಲಿ! ಎದ್ದುಬಿಟ್ಟಿದೆ!"

ಬಾತುಕೋಳಿ ಬುಟ್ಟಿಯ ಆಚೆ, ನಲ್ಲಿಯ ಕೆಳಗೆ, ರೆಕ್ಕೆ ಅರ್ಧ ಬಿಚ್ಚಿಕೊಂಡು ನಿಂತಿತ್ತು. ಬುಟ್ಟಿಯಿಂದ ಕೀಚು ದನಿಗಳು ಏಳುತ್ತಿದ್ದವು. ಪ್ರತಿ ದನಿಗೂ ಅದು ಒಂದು ಹೆಜ್ಜೆ ಹಿಂದೆ ಸರಿಯುತ್ತಿತ್ತು. ತನ್ನ ಹೊಟ್ಟೆಯ ಕೆಳಗಿನ ಕಲ್ಲಿನಂಥ ವಸ್ತುಗಳು ಹೀಗೆ ಮಾತಾಡಲು ಶುರು ಮಾಡುತ್ತವೆಂದು ಅದಕ್ಕೆ ಯಾರು ಹೇಳಿದ್ದರು? ಮೊದಲು ಹೊರಬಂದ ಮರಿ ನೆಲದ ಮೇಲೆ ಬಿದ್ದಿತ್ತು. ಹೆದರಿದ ತಾಯಿಯೇ ಕುಕ್ಕಿ ಆಚೆ ದಬ್ಬಿತ್ತು. ತಲೆಯ ಮೇಲೆ ರಕ್ತ, ಬೆನ್ನಿಗೆ ಅಂಟಿದ ಚಿಪ್ಪಿನ ಚೂರು.

ಅವಳು ಮರಿಯನ್ನು ಎತ್ತಿ ರವಿಕೆಯೊಳಗೆ, ಚರ್ಮಕ್ಕೆ ತಾಗುವಂತೆ ಇಟ್ಟುಕೊಂಡಳು. ಕಿಟಕಿಯ ಹೊದಿಕೆ ಸರಿಪಡಿಸಿದಳು. ಆಮೇಲೆ ಬಾತುಕೋಳಿಯನ್ನು ಹಿಂದಿನಿಂದ ಬಳಸಿ ಹಿಡಿದು, ಮೊಟ್ಟೆಗಳ ಮೇಲೆ ಇಳಿಸಿ, ಎರಡೂ ರೆಕ್ಕೆಗಳನ್ನು ಮೆತ್ತಗೆ ಒತ್ತಿಕೊಂಡು ಕೂತಳು. ಅದು ಒದ್ದಾಡಿತು, ಕಚ್ಚಿತು. ಅವಳು ಬಿಡಲಿಲ್ಲ. ಕತ್ತಲೆಗೋ, ಕೈಯ ಬಿಸಿಗೋ, ನಿಧಾನವಾಗಿ ಅದರ ಕತ್ತು ಇಳಿಯಿತು, ಮೈ ಅಗಲವಾಯಿತು.

ಎದೆಯ ಬಳಿ ಮರಿಯ ಮಿಡಿತ ತಡೆತಡೆದು ಬಂತು. ಆಮೇಲೆ ಬರಲಿಲ್ಲ.

ಬೇಕರಿಯವಳು ಕೈ ಚಾಚಿದಳು. "ಹೋಯ್ತಾ? ಕೊಡಿಲ್ಲಿ, ಆಚೆ ಹಾಕಿ ಬರ್ತೀನಿ. ಅದರ ಕಣ್ಣಿಗೆ ಬೀಳೋದು ಬೇಡ. ಕಂಡ್ರೆ ಮತ್ತೆ ಬೆದರಿ ಎದ್ದುಬಿಡುತ್ತೆ, ಉಳಿದಿರೋವೂ ಹೋಗ್ತವೆ."

"ಬಾಗಿಲು ಹಾಕ್ಕೊಂಡು ಹೋಗಿ ಅಕ್ಕ."

"ಹೇಳೋದು ಕೇಳು, ಚೊಚ್ಚಲು ಅದು..."

"ಹೋಗಿ ಅಕ್ಕ."

ಬಾಗಿಲು ಮುಚ್ಚಿದ ಮೇಲೆ ಅವಳು ಮರಿಯನ್ನು ಎರಡೂ ಕೈಯಲ್ಲಿ ತೆಗೆದು ಬುಟ್ಟಿಯ ಅಂಚಿನ ಹುಲ್ಲಿನ ಮೇಲೆ, ಬಾತುಕೋಳಿಯ ಮುಖದ ಮುಂದೆ ಇಟ್ಟಳು.

ಬಾತುಕೋಳಿ ಕತ್ತು ಹಿಂದಕ್ಕೆ ಎಳೆದುಕೊಂಡಿತು. ಬುಸ್ಸೆಂದಿತು. ಮೈ ಅರ್ಧ ಎದ್ದಿತು, ಕೆಳಗೆ ಚಿಪ್ಪುಗಳು ಒಂದಕ್ಕೊಂದು ತಾಗಿದವು. ಅವಳು ಕೈ ಅಡ್ಡ ತರಲಿಲ್ಲ. ತಲೆ ಓರೆ ಮಾಡಿ ಅದು ಒಂದು ಕಣ್ಣಿನಿಂದ ನೋಡಿತು, ಮತ್ತೆ ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡಿತು. ಆಮೇಲೆ ಕೂತು, ಕೊಕ್ಕು ಚಾಚಿ, ಮರಿಯ ಬೆನ್ನಿಗೆ ಅಂಟಿದ್ದ ಚಿಪ್ಪಿನ ಚೂರನ್ನು ಮೆಲ್ಲಗೆ ಕಿತ್ತು ಪಕ್ಕಕ್ಕೆ ಹಾಕಿ, ಒದ್ದೆ ತುಪ್ಪಳವನ್ನು ನೇವರಿಸತೊಡಗಿತು.