ಗಾಜಿನ ಮೇಲಿನ ಮೀಸೆ

ಕ್ಷೌರಿಕನಿಗೆ ತನ್ನ ಮೀಸೆಯೆಂದರೆ ಪ್ರಾಣ. ಹೊಸ ಅಂಗಡಿಯ ಗಾಜಿನ ಮೇಲೆ ಅದೇ ಮೀಸೆ ಮೂರಡಿ ಅಗಲಕ್ಕೆ ರಾರಾಜಿಸಬೇಕು, ಹನ್ನೊಂದು ಗಂಟೆಗೆ ಬರುವ ಗುರುಗಳು ಅದನ್ನು ನೋಡಿ ಬಾಯಿ ತುಂಬ ಹೊಗಳಬೇಕು. ಇವನಿಗೆ ಕತ್ತರಿ ಹಿಡಿಯಲು ಕಲಿಸಿದ ಆ ಮಹಾನುಭಾವರು ಹದಿನೈದು ವರ್ಷದಲ್ಲಿ ಒಮ್ಮೆಯೂ ‘ಪರವಾಗಿಲ್ಲ’ ಎಂದವರಲ್ಲ. ಆ ಕೊರಗು ಇವನನ್ನು ಒಳಗೊಳಗೇ ತಿನ್ನುತ್ತಿತ್ತು.

ಬೆಳಿಗ್ಗೆಯೇ ಫೋನಿನಲ್ಲಿದ್ದ ಮೀಸೆಯ ಫೋಟೊ ಹಿಡಿದುಕೊಂಡು, ಸ್ಟಿಕರ್ ಕತ್ತರಿಸಿಕೊಡುವ ತಂಗಿಯ ಅಂಗಡಿಗೆ ಓಡಿದ.

“ಅಣ್ಣಾ, ಫೋಟೊ ಅಂದ್ರೆ ಬರೀ ಚುಕ್ಕಿಗಳ ರಾಶಿ. ನನ್ನ ಮೆಷಿನ್ನಿನ ಬ್ಲೇಡ್ ಓಡೋಕೆ ಗೆರೆ ಬೇಕು. ವೆಕ್ಟರ್ ಅಂತಾರೆ, ಕೂತು ಬರೀಬೇಕು” ಎಂದಳು ತಂಗಿ.

“ನನ್ನ ಕಿವಿಗೆ ಹೂವಿಡಬೇಡ. ಒಂದೊಂದು ಕೂದಲೂ ಕಾಣ್ತಿದೆ. ಹಾಗೇ ದೊಡ್ಡದು ಮಾಡಿ ಒತ್ತು.”

ಹೇಳಿ ಪ್ರಯೋಜನವಿಲ್ಲವೆಂದು, ಗೆರೆ ಹುಡುಕುವ ಕೆಲಸವನ್ನು ಕಂಪ್ಯೂಟರಿಗೇ ಬಿಟ್ಟು ತಂಗಿ ಒತ್ತಿದಳು. ಅದು ಪಾಪ, ಸಿಕ್ಕ ಸಿಕ್ಕ ಚುಕ್ಕಿಯ ಸುತ್ತಲೂ ಗೆರೆ ಎಳೆಯಿತು. ಬ್ಲೇಡು ಮುಕ್ಕಾಲು ಗಂಟೆ ಕಟಕಟ ಎಂದಿತು. ಹೊರಬಂದದ್ದು ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾದ ಮೀಸೆ, ಜೊತೆಗೆ ಒಂದು ಮೊರದಷ್ಟು ಕಪ್ಪು ಚೂರು. ಇಲಿ ಕಡಿದ ಪೊರಕೆಯೂ ಅದಕ್ಕಿಂತ ಲಕ್ಷಣವಾಗಿರುತ್ತದೆ. ಕ್ಷೌರಿಕ ಗಡಿಯಾರ ನೋಡಿ ಬೆವೆತ.

“ಈಗ ಬಾಯಿ ಮುಚ್ಕೊಂಡು ಕೂತ್ಕೋ” ಎಂದು ತಂಗಿ ಫೋಟೊದ ಮೇಲೆ ತಾನೇ ಗೆರೆ ಎಳೆದಳು. ಎಳೆದದ್ದು ಎಡಗಡೆಯ ಅರ್ಧ ಮಾತ್ರ. ಅದನ್ನೇ ಮಗುಚಿ ಬಲಕ್ಕೆ ಸೇರಿಸಿದಳು. ಗೆರೆಯಾದ ಮೇಲೆ ಎಷ್ಟು ಹಿಗ್ಗಿಸಿದರೂ ಅಂಚು ಕೆಡಲಿಲ್ಲ. ಬೆಣ್ಣೆಯಂಥ ಮೀಸೆ ಹೊರಬಂತು. ತಂಗಿಯೇ ಬಂದು ಗಾಜಿಗೆ ಅಂಟಿಸಿದಳು.

ಗುರುಗಳು ಬಂದರು. ಗಾಜು ನೋಡಿದರು, ಶಿಷ್ಯನ ಮುಖ ನೋಡಿದರು, ಮತ್ತೆ ಗಾಜು ನೋಡಿದರು.

“ಗಾಜಿನ ಮೇಲೆ ಎರಡೂ ಕಡೆ ಸಮ. ನಿನ್ನ ಮುಖದಲ್ಲಿ ಬಲಗಡೆ ಒಂದೆಳೆ ಜಾಸ್ತಿ ಕಣಯ್ಯ.”

ಗುರುಗಳು ಹೇಳಿದ ಮೇಲೆ ಬಿಡುವುದುಂಟೇ? ಕನ್ನಡಿಯ ಮುಂದೆ ನಿಂತು ಬಲಗಡೆ ಒಂದೆಳೆ ತೆಗೆದ. ಎಡ ಜಾಸ್ತಿಯಾಯಿತು. ಎಡ ತೆಗೆದ, ಬಲ ದಪ್ಪ ಕಂಡಿತು. ಅಯ್ಯೋ ಪುಣ್ಯಾತ್ಮ, ಅಲ್ಲಿಗೇ ಕತ್ತರಿ ಕೆಳಗಿಡಬಾರದೇ? ಇಡಲಿಲ್ಲ. ಕಾಲು ಗಂಟೆಯಲ್ಲಿ ಮೂಗಿನ ಕೆಳಗೆ ಬಟ್ಟಬಯಲಾಗಿತ್ತು.

ಅಷ್ಟರಲ್ಲಿ ಗುರುಗಳು ಗಾಜಿನ ಮೀಸೆಯ ಅಂಚಿನ ಮೇಲೆ ಬೆರಳಾಡಿಸುತ್ತಿದ್ದರು.

“ಭೇಷ್. ಕೈ ಅಂದ್ರೆ ಇದು.”

ಕ್ಷೌರಿಕನ ಎದೆ ಉಬ್ಬಿ ಕಣ್ಣು ತುಂಬಿ ಬಂತು. ಮೀಸೆ ಹೋದರೆ ಹೋಗಲಿ ಎಂದುಕೊಂಡ.

ಗುರುಗಳು ತಂಗಿಯ ಕಡೆ ತಿರುಗಿದರು. “ಕತ್ತರಿಸಿದ್ದು ನೀನೇನಮ್ಮಾ? ಇವನಿಗೂ ಒಂಚೂರು ಹೇಳಿಕೊಡು.”