ಕಪ್ಪು ಪರದೆ, ಹಳೆಯ ಲೇಸರ್

ನಮ್ಮ ಹೊಸಪೇಟೆ ಕಾಲೇಜಿನ ಹೀಲಿಯಂ-ನಿಯಾನ್ ಲೇಸರ್ ಮೂರು ವರ್ಷದಿಂದ ಪೆಟ್ಟಿಗೆಯಲ್ಲೇ ಇತ್ತು. ಮರುದಿನ ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ. ಅದು ಬೆಳಗದಿದ್ದರೆ ಪ್ರಿನ್ಸಿಪಾಲರ ಮುಂದೆ ನಿಲ್ಲಬೇಕಾದವಳು ಪ್ರಯೋಗಾಲಯ ನೋಡಿಕೊಳ್ಳುವ ನಾನು. ರಿಪೇರಿಗೆ ಕಂಪ್ಲಿಯಿಂದ ಅಂದಾನಪ್ಪ ಬಂದಿದ್ದ. ಅವನ ಚೀಲದಲ್ಲಿ ನಮ್ಮ ಲೇಸರಿನೊಳಗೆ ಇರುವಂಥದೇ ಇನ್ನೊಂದು ಗಾಜಿನ ಕೊಳವೆ ಕಂಡಾಗಿನಿಂದ ನನಗೆ ಸಮಾಧಾನವಿರಲಿಲ್ಲ. ನಮ್ಮದನ್ನು ಒಯ್ದು, ಕೆಟ್ಟದ್ದನ್ನು ಕೂರಿಸಿ ಹೋದರೆ?

ಲೇಸರ್ ಕೋಣೆಯ ಕಿಟಕಿಗೆ ಯಾವಾಗಲೂ ಕಪ್ಪು ಪರದೆ. ಆ ಮಬ್ಬಿನಲ್ಲೇ ಅವನು ಮುಚ್ಚಳ ಬಿಚ್ಚಿ, ತಂತಿಯ ತುದಿಗಳನ್ನು ಒರೆಸಿ, ಸ್ವಿಚ್ ಒತ್ತಿದ. ಟಿಕ್ ಟಿಕ್ ಸದ್ದು ಬಂತು, ಕೊಳವೆ ಹೊತ್ತಿಕೊಳ್ಳಲಿಲ್ಲ.

"ಕರೆಂಟ್ ಬರಾಕತ್ತೈತ್ರಿ ಮೇಡಂ. ಗ್ಯಾಸ್ ಯಾಕೋ ಮುನಿಸ್ಕೊಂಡೈತಿ," ಎಂದು ಅವನು ಚೀಲದತ್ತ ಕೈ ಚಾಚಿದ.

ನಾನು ತಟ್ಟನೆ ಪರದೆ ಸರಿಸಿದೆ. ಬಿಸಿಲು ಕೊಳವೆಯ ಮೇಲೆ ಬಿತ್ತು. ಮರುಕ್ಷಣವೇ ಅದು ಕಿತ್ತಳೆ ಬಣ್ಣಕ್ಕೆ ಹೊತ್ತಿಕೊಂಡು, ಎದುರು ಗೋಡೆಯ ಮೇಲೆ ಕೆಂಪು ಚುಕ್ಕಿ ಮೂಡಿತು.

"ಹಳೇ ಗ್ಯಾಸಿಗೆ ಒಂದೀಟು ಬೆಳಕು ತಾಗಬೇಕಿತ್ತು, ನನಗ ನೆನಪಾಗ್ಲಿಲ್ಲ. ನಿಮಗ ಹೆಂಗ ಹೊಳೀತ್ರಿ?"

ನನ್ನ ಕಣ್ಣು ಅವನ ಚೀಲದ ಮೇಲೆಯೇ ಇತ್ತು. ಅವನು ನಕ್ಕ. "ನನ್ನ ಕೈ ನೋಡಾಕ ಪರದೆ ತೆಗದ್ರಿ, ಹೌದಲ್ರಿ?"

"ಹೌದು," ಎಂದೆ.

"ಹಂಗಾರ ನಾಳೆನೂ ಯಾರ ಮ್ಯಾಲರ ಅನುಮಾನ ಇಟ್ಕೊಳ್ರಿ, ತಾನ ಹತ್ತತೈತಿ."

ನನಗೆ ನಗು ಬರಲಿಲ್ಲ. ಲೇಸರ್ ಆರಿಸಿ, ಪರದೆ ಎಳೆದು, ನಾನೇ ಸ್ವಿಚ್ ಒತ್ತಿದೆ. ಬರೀ ಟಿಕ್ ಟಿಕ್. ಪರದೆ ತೆರೆದೆ, ಹೊತ್ತಿಕೊಂಡಿತು. ಹೀಗೆ ಮೂರು ಸಲ ನೋಡಿದ ಮೇಲೆಯೇ ಅವನ ಗೇಟ್ ಪಾಸಿಗೆ ಸಹಿ ಹಾಕಿದೆ.